ಐದಕ್ಷರದ ಕರೆ

ಇವರು ವಿಮಾನ ಓಡಿಸುತ್ತಿದ್ದರು ಎಂದರೆ ಈಗಲೂ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಸೀರೆ ನೋಡುತ್ತಾರೆ. ವಿಮಾನದವನ ಹೆಂಡತಿ ಇಷ್ಟು ಸಾದಾ ಇರಲಾರಳು ಎಂಬುದು ಅವರ ಎಣಿಕೆ. ಅವರಿಗೆ ಗೊತ್ತಿರುವುದು ಗಲ್ಫಿಗೆ ಹೋಗುವ ದೊಡ್ಡ ವಿಮಾನ. ಇವರದು ನಾಲ್ಕು ಜನ ಕೂತರೆ ಮೊಣಕಾಲು ಮೊಣಕಾಲಿಗೆ ತಾಗುವಂಥದ್ದು. ಮೂತಿಯಲ್ಲಿ ಒಂದು ಫ್ಯಾನು, ತಲೆಯ ಮೇಲೆ ರೆಕ್ಕೆ, ಹೊಟ್ಟೆಯಲ್ಲಿ ಕ್ಯಾಮೆರಾಕ್ಕೆಂದು ಕೊರೆದ ಒಂದು ತೂತು. ಅಷ್ಟೇ ವೈಭವ.

ನಮ್ಮ ಜಿಲ್ಲೆ ಆಗ ಹೊಸದು. ಮಲಯಾಳ ಸೀಮೆಯ ಪುಲ್ಪಳ್ಳಿಯಲ್ಲಿದ್ದ ನಮ್ಮ ಅಂಗಡಿಗೆ ಬರುವ ಕಾಗದಗಳ ಮೇಲೆ ಅರ್ಧ ಜನ ಹಳೆಯ ಜಿಲ್ಲೆಯ ಹೆಸರನ್ನೇ ಬರೆಯುತ್ತಿದ್ದರು, ಆದರೂ ಕಾಗದ ಬಂದು ತಲುಪುತ್ತಿತ್ತು. ಹೊಸ ಜಿಲ್ಲೆಗೆ ಹೊಸ ನಕ್ಷೆ ಬೇಕು ಎಂದಾಯಿತು. ಕಾಡು ಎಲ್ಲಿ ಮುಗಿಯಿತು, ತೋಟ ಎಲ್ಲಿ ಶುರುವಾಯಿತು ಎಂದು ಮೇಲಿನಿಂದ ಫೋಟೋ ತೆಗೆಯುವ ಕೆಲಸವನ್ನು ಒಂದು ಖಾಸಗಿ ಕಂಪನಿ ಹಿಡಿದಿತ್ತು. ಅದರಲ್ಲಿ ಇವರು ಪೈಲಟ್. "ಕೆಳಗೆ ನಿಂತವರು ಗಡಿ ವಿಷಯದಲ್ಲಿ ಏನು ಬೇಕಾದರೂ ಹೇಳಬಹುದು, ಮೇಲಿಂದ ನೋಡಿದರೆ ಎಲ್ಲ ಬಯಲು," ಎಂದು ನಗುತ್ತಿದ್ದರು. ಬೇಲಿಯನ್ನು ವರ್ಷಕ್ಕಿಷ್ಟು ಕಾಡಿನ ಕಡೆ ನಡೆಸಿದ್ದ ನಮ್ಮ ನೆರೆಹೊರೆಯವರಿಗೆ ಆ ಮಾತು ಅಷ್ಟೇನೂ ಹಿಡಿಸುತ್ತಿರಲಿಲ್ಲ.

ವಿಮಾನ ಇದ್ದದ್ದು ನೀಲಗಿರಿ ಬೆಟ್ಟದ ಆಚೆ, ತಮಿಳುನಾಡಿನ ಬಯಲಿನ ಒಂದು ನಿಲ್ದಾಣದಲ್ಲಿ. ಇವರು ಅಲ್ಲಿಯೇ ಒಂದು ಕೋಣೆಯಲ್ಲಿರುತ್ತಿದ್ದರು, ಸಮಯ ಸಿಕ್ಕಾಗ ಬಸ್ಸು ಹತ್ತಿ ಮನೆಗೆ ಬರುತ್ತಿದ್ದರು. ಕೆಲಸದ ದಿನ ಬೆಳಿಗ್ಗೆ ಬೆಟ್ಟ ದಾಟಿ ಈಚೆ ಬರಬೇಕು, ಮೋಡ ಕಟ್ಟುವ ಮೊದಲು ಫೋಟೋ ಮುಗಿಸಿ ಬೆಟ್ಟ ದಾಟಿ ವಾಪಸು ಹೋಗಬೇಕು. ಹಾಗೆ ಹೋಗುವಾಗ ಆಚೆಯ ನಿಲ್ದಾಣದ ಟವರನ್ನು ರೇಡಿಯೋದಲ್ಲಿ ಕರೆಯಬೇಕು. ಆ ಕರೆ ಅವರಿಗೆ ಕೇಳಿಸಿತೋ ಇಲ್ಲವೋ ಎಂಬುದೊಂದೇ ಆ ದಿನಗಳಲ್ಲಿ ನಮ್ಮ ಮನೆಯ ಚಿಂತೆಯಾಗಿತ್ತು. ಬೇರೆ ಚಿಂತೆಗಳೂ ಇದ್ದವು ಎನ್ನಿ, ಆದರೆ ಅವು ಇದರ ಹಿಂದೆ ಸಾಲಿನಲ್ಲಿ ನಿಲ್ಲುತ್ತಿದ್ದವು.

ಇಲ್ಲಿ ಯಾರ ಹೆಸರನ್ನೂ ನಾನು ಬರೆಯುವುದಿಲ್ಲ. ನಮ್ಮ ಕಡೆ ಹೆಂಡತಿಯ ಬಾಯಲ್ಲಿ ಗಂಡನ ಹೆಸರು ಬರುವುದಿಲ್ಲ, ಆ ಅಭ್ಯಾಸ ಕೈಗೂ ಅಂಟಿದೆ. ಇವರದನ್ನು ಬಿಟ್ಟು ಉಳಿದವರ ಹೆಸರುಗಳನ್ನು ಮಾತ್ರ ಬರೆದರೆ ಚೆನ್ನಾಗಿರುವುದಿಲ್ಲ. ನನಗೆ ಕನ್ನಡ ಬರೆಯಲು ಬರುವುದೇ ದೊಡ್ಡದು. ನಾನು ಹುಟ್ಟಿದ್ದು ಕಲ್ಲೂರಿನಲ್ಲಿ, ಓದಿದ್ದೆಲ್ಲ ಮಲಯಾಳದಲ್ಲಿ. ಗುಂಡ್ಲುಪೇಟೆಯಿಂದ ಬರುವ ಸಾಮಾನು ಕಟ್ಟಿದ ಕನ್ನಡ ಪತ್ರಿಕೆಯ ಹಾಳೆಗಳನ್ನು ನೆಲದ ಮೇಲೆ ಹರಡಿ ನನ್ನ ಅಪ್ಪ ಅಕ್ಷರ ಕಲಿಸಿದರು. ಹಾಗಾಗಿ ನಾನು ಮೊದಲು ಓದಿದ ಕನ್ನಡಕ್ಕೆ ಬೆಲ್ಲದ ವಾಸನೆಯಿತ್ತು.

ಕೇಣಿಚಿರದಲ್ಲಿ ಗಲ್ಫಿನಿಂದ ಬಂದವರೊಬ್ಬರು ತಮ್ಮ ದೊಡ್ಡ ರೇಡಿಯೋ ಮಾರುತ್ತಿದ್ದರು. ಇವರು ಅದನ್ನು ಹೊತ್ತು ತಂದರು. ಉದ್ದಕ್ಕೆ ಎಳೆಯುವ ಕಡ್ಡಿ, ಮುಂದೆ ಆರೇಳು ಗೆರೆಗಳ ಫಲಕ. ಅದರಲ್ಲಿ ಒಂದು ಗೆರೆಯ ಮೇಲೆ ಮುಳ್ಳು ನಿಲ್ಲಿಸಿದರೆ ಹಾಡಿಲ್ಲ, ವಾರ್ತೆಯಿಲ್ಲ, ಬರೀ ಸೊಯ್ ಎನ್ನುವ ಸದ್ದು. ಮಾರಿದವರಿಗೂ ಅದು ಯಾತಕ್ಕೆಂದು ಗೊತ್ತಿರಲಿಲ್ಲ. ಇವರು ಮುಳ್ಳನ್ನು ಒಂದು ಜಾಗಕ್ಕೆ ತಂದು, ಪಕ್ಕದಲ್ಲಿ ಉಗುರುಬಣ್ಣದ ಒಂದು ಚುಕ್ಕೆ ಇಟ್ಟು, "ಇಲ್ಲಿ ನಾನು ಸಿಗ್ತೀನಿ," ಎಂದರು. ಉಗುರುಬಣ್ಣ ನನ್ನದು. ಮದುವೆಯಲ್ಲಿ ಯಾರೋ ಕೊಟ್ಟಿದ್ದು, ಅತ್ತೆಯ ಭಯಕ್ಕೆ ಹಚ್ಚಿಕೊಂಡಿರಲಿಲ್ಲ.

ಅತ್ತೆ ಎಂದರೆ ಇವರ ತಾಯಿ. ಮಾವ ತೀರಿಕೊಂಡು ವರ್ಷಗಳಾಗಿದ್ದವು. ಅಂಗಡಿಯನ್ನು ಭಾವ ನೋಡಿಕೊಳ್ಳುತ್ತಿದ್ದರು. ಮನೆ, ಅಂಗಳ, ಅಂಗಳದ ತುಂಬ ಚಾಪೆ ಹಾಸಿ ಒಣಗಿಸುವ ಮೆಣಸು, ಜೊತೆಗೆ ನಾನು, ಇಷ್ಟೂ ಅತ್ತೆಯ ಆಳ್ವಿಕೆಗೆ ಸೇರಿದ್ದು. ಕುಯ್ಲಿನ ಕಾಲದಲ್ಲಿ ಮೆಣಸಿನ ಗೊಂಚಲನ್ನು ಚಾಪೆಯ ಮೇಲೆ ಸುರಿದು ಬರಿಗಾಲಿನಿಂದ ಉಜ್ಜುತ್ತಾ ಕಾಳು ಬಿಡಿಸುವುದು ಅವರ ಕೆಲಸ. ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವರಲ್ಲ. ನಮ್ಮ ಕಾಲಿಗೆ ಕಾಳು ಒಡೆಯುತ್ತದಂತೆ.

ಒಂದು ಭಾನುವಾರ ಜಗಲಿಯಲ್ಲಿ ಕೂತು ಇವರು ನಮ್ಮಿಬ್ಬರಿಗೂ ಆ ರೇಡಿಯೋ ಮಾತಿನ ಕ್ರಮ ಬಿಡಿಸಿ ಹೇಳಿದರು. ಟವರನ್ನು ಕರೆಯುವಾಗ ಪೈಲಟ್ ತನ್ನ ಹೆಸರು ಹೇಳುವುದಿಲ್ಲ. ವಿಮಾನದ ಮೈಮೇಲೆ ದೊಡ್ಡದಾಗಿ ಬರೆದ ಐದು ಅಕ್ಷರ ಇರುತ್ತವಲ್ಲ, ಅವನ್ನೇ ಹೇಳಬೇಕು.

"ಅಲ್ಲ, ನಿನ್ ಹೆಸರು ಹೇಳಾಕೆ ಏನು ದಾಡಿ?" ಎಂದರು ಅತ್ತೆ.

"ನಾನು ಯಾರು ಅನ್ನೋದು ಅವರಿಗೆ ಬೇಡ ಅವ್ವ. ಯಾವ ವಿಮಾನ ಅನ್ನೋದು ಬೇಕು."

"ನಾಳೆ ಬೇರೆ ವಿಮಾನ ಹತ್ತಿದ್ರೆ?"

"ಬೇರೆ ಅಕ್ಷರ."

ಅತ್ತೆ ನನ್ನ ಕಡೆ ತಿರುಗಿದರು. "ನೋಡವ್ವ. ಹೊತ್ತು ಹೆತ್ತು ಹೆಸರಿಟ್ಟವಳು ನಾನು. ಇವ್ನು ಹತ್ತಿದ ಬಂಡಿಗೊಂದು ಹೆಸರು ಇಟ್ಕೊಂಡು ತಿರುಗ್ತಾನೆ."

ಅಕ್ಷರವನ್ನೂ ಅಕ್ಷರದ ಹಾಗೆ ಹೇಳುವುದಿಲ್ಲ. ಗರಗರ ಸದ್ದಿನಲ್ಲಿ ಬಿ, ಡಿ, ಪಿ ಎಲ್ಲ ಒಂದೇ ಥರ ಕೇಳಿಸುತ್ತವೆ. ಅದಕ್ಕೆ ಒಂದೊಂದು ಅಕ್ಷರಕ್ಕೂ ಒಂದು ಪದ ಗೊತ್ತುಮಾಡಿದ್ದಾರೆ, ಲೋಕಕ್ಕೆಲ್ಲ ಒಂದೇ. ಮೊದಲಿನ ಎರಡು ಅಕ್ಷರ ನಮ್ಮ ದೇಶದ್ದು: ವಿಕ್ಟರ್, ಟ್ಯಾಂಗೋ. ಮೂರನೆಯದನ್ನು ನಾನು ಬರೆಯುವುದಿಲ್ಲ, ಮನುಷ್ಯರ ಹೆಸರನ್ನೇ ಬಿಟ್ಟವಳು ಯಂತ್ರದ ಹೆಸರನ್ನು ಪೂರ್ತಿ ಏಕೆ ಬರೆಯಲಿ? ಕೊನೆಯ ಎರಡು ಕಿಲೋ, ಜೂಲಿಯಟ್.

"ಏನು ಕಿಲೋ?" ಎಂದರು ಅತ್ತೆ. "ಮೆಣಸಾ, ಕಾಪಿಬೀಜಾನಾ?"

ಇವರಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ, ಮುಖ್ಯವಾದದ್ದನ್ನು ಹೇಳಿದರು. ಪ್ರತಿ ಮಾತಿಗೂ ಐದಕ್ಷರ ಹೇಳುತ್ತಾ ಕೂತರೆ ಹೊತ್ತು ಸಾಲುವುದಿಲ್ಲ. ಆದ್ದರಿಂದ ಅದನ್ನು ಚಿಕ್ಕದು ಮಾಡುವುದುಂಟು. ಮೊದಲಿನ ಒಂದು, ಕೊನೆಯ ಎರಡು: ವಿಕ್ಟರ್ ಕಿಲೋ ಜೂಲಿಯಟ್. ಆದರೆ ಅದನ್ನು ಮೊದಲು ಟವರಿನವರು ಮಾಡಬೇಕು. ಆ ಹೊತ್ತಿಗೆ ಅದೇ ಥರದ ಅಕ್ಷರಗಳ ಇನ್ನೊಂದು ವಿಮಾನ ಆಕಾಶದಲ್ಲಿಲ್ಲ ಎಂದು ಖಾತ್ರಿಯಿದ್ದರೆ ಅವರು ಚಿಕ್ಕದಾಗಿ ಕರೆಯುತ್ತಾರೆ. ಅವರು ಹಾಗೆ ಕರೆದ ಮೇಲೆಯೇ ಪೈಲಟ್ ತನ್ನನ್ನು ಚಿಕ್ಕದಾಗಿ ಹೇಳಿಕೊಳ್ಳಬಹುದು. ಅಲ್ಲಿಯವರೆಗೂ ಐದಕ್ಷರವೇ.

ಅತ್ತೆಗೆ ಇದು ಚೆನ್ನಾಗಿ ಹಿಡಿಸಿತು. "ಅದು ಸರಿ. ಸೊಸೆ ಬಂದ ದಿನವೇ ತನ್ನನ್ನ ತಾನೇ ಪುಟ್ಟಿ, ಚಿನ್ನಿ ಅಂತ ಕರ್ಕೊಂಡ್ರೆ ಆಯ್ತದಾ? ಮನೆಯವರು ಕರೀಬೇಕು."

"ಮನೆಯವರು ಇನ್ನೂ ಕರೆದಿಲ್ಲ ಅತ್ತೆ," ಎಂದೆ.

"ಐದಕ್ಷರ ಹೇಳ್ತಾ ಇರು ಮೋಳೆ, ನೋಡೋಣ," ಎಂದರು. ಮಗಳೇ ಎನ್ನುವುದಕ್ಕೆ ನಮ್ಮ ಊರಿನ ಮಲಯಾಳದ ಮಾತು ಅದು. ಅತ್ತೆ ಅದನ್ನು ಪ್ರೀತಿ ಬಂದಾಗಲೂ ಬಳಸುತ್ತಿದ್ದರು, ಕಾಲೆಳೆಯುವಾಗಲೂ ಬಳಸುತ್ತಿದ್ದರು.

ಆಮೇಲೆ ನಮಗೆ ತಿಳಿದದ್ದು ಏನೆಂದರೆ, ಆ ರೇಡಿಯೋದಲ್ಲಿ ನಮಗೆ ಸಿಗುವುದು ಅರ್ಧ ಮಾತು ಮಾತ್ರ. ಆ ಥರದ ರೇಡಿಯೋ ಮಾತು ನೋಟದ ಹಾಗೆ ನೇರ ಹೋಗುತ್ತದೆ, ಬೆಟ್ಟ ಅಡ್ಡ ಬಂದರೆ ಅಲ್ಲಿಗೇ ನಿಂತಿತು. ಇವರು ನಮ್ಮ ತಲೆಯ ಮೇಲಿದ್ದಾಗ ಇವರ ದನಿ ಮನೆಯೊಳಗೇ ಇದ್ದಂತೆ ಬರುತ್ತಿತ್ತು. ಬೆಟ್ಟದ ಹಿಂದಿನ ಟವರಿನವರು ಏನು ಹೇಳಿದರು ಎಂಬುದು ಮಾತ್ರ ಒಂದಕ್ಷರವೂ ಇಲ್ಲ. ಇವರಿಗೂ ಅದೇ ಕಷ್ಟ. ಕೆಳಗೆ ಹಾರುತ್ತಿರುವವರೆಗೂ ಇವರ ಕರೆ ಟವರಿಗೆ ಮುಟ್ಟುವುದಿಲ್ಲ. ಮೇಲೇರುತ್ತಾ ಕರೆಯಬೇಕು, ಉತ್ತರವಿಲ್ಲದಿದ್ದರೆ ಇನ್ನಷ್ಟು ಏರಿ ಮತ್ತೆ ಕರೆಯಬೇಕು.

ಹೀಗಿರುವಾಗ ಟವರಿಗೆ ಕೇಳಿಸಿತೆಂದು ನಮಗೆ ತಿಳಿಯುವುದು ಹೇಗೆ? ದಾರಿ ಹುಡುಕಿದ್ದು ಅತ್ತೆ. ಇಂಗ್ಲಿಷು ಬೇಡ, ಅಕ್ಷರ ಬೇಡ, ಎಣಿಸಿದರೆ ಸಾಕು. ಇವರು ಐದು ಹೇಳುತ್ತಿದ್ದರೆ ಇನ್ನೂ ಯಾರೂ ಓಗೊಟ್ಟಿಲ್ಲ. ಮೂರಕ್ಕೆ ಇಳಿದರೆ, ಆಚೆಯವರು ಕೇಳಿಸಿಕೊಂಡು ಚಿಕ್ಕದಾಗಿ ಕರೆದಿದ್ದಾರೆ.

ಅಲ್ಲಿಂದ ನಮ್ಮ ಮನೆಯಲ್ಲಿ ಅದೊಂದು ನಿತ್ಯದ ಕೆಲಸವಾಯಿತು. ತಿಂಡಿಯ ಪಾತ್ರೆ ತೊಳೆದು, ರೇಡಿಯೋವನ್ನು ಜಗಲಿಯ ಕಟ್ಟೆಯ ಮೇಲಿಟ್ಟು, ಕಡ್ಡಿ ಎಳೆದು ಕೂರುತ್ತಿದ್ದೆವು. ನಾನು ಏನಾದರೂ ಹೆಚ್ಚುತ್ತಿರುತ್ತಿದ್ದೆ, ಅತ್ತೆ ಚಾಪೆಯ ಮೇಲೆ ಮೆಣಸು ಉಜ್ಜುತ್ತಿರುತ್ತಿದ್ದರು. ಇವರ ದನಿ ಬಂದ ಕೂಡಲೇ ಅವರ ಕಾಲು ನಿಲ್ಲುತ್ತಿತ್ತು. ಬಲಗೈ ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು. ಮುಷ್ಟಿ ತುಂಬಿದರೆ ಮುಖ ಗಂಟು. ಎರಡು ಬೆರಳು ಉಳಿದರೆ, "ಕೇಳಿಸ್ತು ಕನವ್ವ ಅವರ್ಗೆ," ಎಂದು ಬಂದು ಟಪ್ಪೆಂದು ರೇಡಿಯೋ ಮುಚ್ಚುತ್ತಿದ್ದರು. ಸೆಲ್ಲು ಉಳಿಯಬೇಕಲ್ಲ. ತೀರಿದ ಸೆಲ್ಲುಗಳನ್ನು ಮೆಣಸಿನ ಜೊತೆ ಬಿಸಿಲಿಗೆ ಹಾಕಿ ಇನ್ನೂ ಕೆಲವು ದಿನ ನಡೆಸುವ ಮನೆ ನಮ್ಮದು.

ನನಗಂತೂ ಇನ್ನೂ ಸ್ವಲ್ಪ ಕೇಳಬೇಕೆನಿಸುತ್ತಿತ್ತು. ಆಕಾಶದಲ್ಲಿ ಇವರ ದನಿಯೇ ಬೇರೆ. ಮನೆಯಲ್ಲಿ ಮಾತು ಅರ್ಧಕ್ಕೆ ನುಂಗುವ ಮನುಷ್ಯ, ಅಲ್ಲಿ ಪ್ರತಿ ಪದವನ್ನೂ ಬಿಡಿಸಿ, ತೂಗಿ, ಇಟ್ಟ ಹಾಗೆ ಹೇಳುತ್ತಿದ್ದರು. ಆ ದನಿಯ ಮೇಲೆ ನನಗೆ ತುಂಬಾ ಪ್ರೀತಿಯಿತ್ತು. ಅದನ್ನು ಆಗ ಯಾರ ಹತ್ತಿರವೂ ಹೇಳಲಿಲ್ಲ, ಇವರ ಹತ್ತಿರವೂ.

ಮನೆಯ ಮೇಲೆ ಬಂದಾಗ ರೆಕ್ಕೆ ಅಲ್ಲಾಡಿಸಿ ತೋರಿಸು ಎಂದು ಅತ್ತೆ ಒಮ್ಮೆ ಕೇಳಿದ್ದರು. ಫೋಟೋದ ಗೆರೆ ಸೊಟ್ಟಗಾಗುತ್ತದೆ, ಆಗುವುದಿಲ್ಲ ಎಂದರು ಇವರು. "ಹೆತ್ತವ್ವನಿಗಿಂತ ಗೆರೆ ಹೆಚ್ಚಾಯ್ತು," ಎಂದು ಅತ್ತೆ ಎರಡು ದಿನ ಮುಖ ಊದಿಸಿಕೊಂಡರು. ಆದರೆ ಅಂಗಡಿಗೆ ಬಂದವರ ಮುಂದೆ ಅದನ್ನೇ ಹೆಮ್ಮೆಯಿಂದ ಹೇಳುತ್ತಿದ್ದರು.

ಕಾಫಿ ಹೂವಿನ ಮಳೆ ಬರುವ ಕಾಲಕ್ಕೆ ಕೆಲಸ ಇನ್ನೂ ಸ್ವಲ್ಪ ಉಳಿದಿತ್ತು. ಆ ದಿನ ನಮ್ಮ ಕಡೆ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ವಿಮಾನ ಉತ್ತರದ ಕಾಡಿನ ಕಡೆ ಹೋಗಿದ್ದನ್ನು ನಾನೇ ಅಂಗಳದಿಂದ ನೋಡಿದೆ. ಹೊತ್ತೇರುತ್ತಿದ್ದಂತೆ ನೀಲಗಿರಿಯ ಕಡೆ ಮೋಡ ಒಂದರ ಮೇಲೊಂದು ಪೇರಿಸಿಕೊಂಡು ನಿಂತಿತು. ಬೆಟ್ಟ ಯಾವುದು, ಮೋಡ ಯಾವುದು ಎಂದು ಗೊತ್ತಾಗದಷ್ಟು ಕಪ್ಪು.

ಇವರು ಎಂದಿಗಿಂತ ಬೇಗ ಹಿಂದಿರುಗಿದರು. ರೇಡಿಯೋದಲ್ಲಿ ಐದಕ್ಷರ ಬಂತು. ಅತ್ತೆಯ ಮುಷ್ಟಿ ತುಂಬಿತು. ಸ್ವಲ್ಪ ಹೊತ್ತು ಬರೀ ಸದ್ದು. ಮತ್ತೆ ಐದಕ್ಷರ, ಜೊತೆಗೆ ಏನೋ ಎತ್ತರದ ಲೆಕ್ಕ. ಮತ್ತೆ ಸದ್ದು. ದಿನವೂ ಎರಡು ಮೂರು ಸಲ ಹೀಗಾಗುವುದು ಇದ್ದದ್ದೇ. ಆ ದಿನ ಅದು ನಿಲ್ಲಲಿಲ್ಲ. ಇವರು ಕರೆಯುತ್ತಲೇ ಇದ್ದರು. ದನಿಯಲ್ಲಿ ಗಾಬರಿಯಿಲ್ಲ, ಆತುರವಿಲ್ಲ. ಒಂದೊಂದು ಸಲವೂ ಅದೇ ಮೊದಲ ಸಲ ಎಂಬಂತೆ, ಐದಕ್ಕೆ ಐದನ್ನೂ ಬಿಡಿಸಿ ಹೇಳುತ್ತಿದ್ದರು. ಅದೇ ನನಗೆ ತಡೆಯಲಾಗಲಿಲ್ಲ. ಒಮ್ಮೆಯಾದರೂ ಸಿಟ್ಟು ಮಾಡಿಕೊಂಡು ಯಾರಾದರೂ ಇದ್ದೀರೇನ್ರೀ ಎಂದು ಕೂಗಬಾರದೇ ಎನಿಸಿತು.

ಅತ್ತೆ ಚಾಪೆ ಬಿಟ್ಟು ಬಂದು ರೇಡಿಯೋದ ಮುಂದೆ ಕುಕ್ಕರುಗಾಲಲ್ಲಿ ಕೂತರು. ಅವರ ಪಾದಕ್ಕೆಲ್ಲ ಮೆಣಸಿನ ಸಿಪ್ಪೆ ಅಂಟಿತ್ತು. "ಪಾವಂ, ಗಂಟಲು ಒಣಗ್ತದೆ ಮಗೀಗೆ," ಎಂದರು, ಪಾಪ ಎನ್ನುವುದನ್ನು ಮಲಯಾಳದಲ್ಲಿ ಹೇಳಿ. ಆಮೇಲೆ ಆಚೆಯವರಿಗೆ ಬೈಯತೊಡಗಿದರು. "ಎಲ್ಲಿ ಸತ್ತವ್ರೆ ಇವ್ರೆಲ್ಲ? ಕೂಳಿಗೆ ಹೋಗವ್ರಾ? ಒಂದು ಮಗ ಬೆಟ್ಟದ ನೆತ್ತಿ ಮ್ಯಾಲೆ ನಿಂತು ಕೂಗ್ತಾ ಇದ್ರೆ..."

ಆಗ ಮೂರು ಬಂತು. ದನಿ ಕ್ಷೀಣವಾಗಿತ್ತು, ಆದರೆ ಸ್ಪಷ್ಟವಾಗಿತ್ತು. ವಿಕ್ಟರ್ ಕಿಲೋ ಜೂಲಿಯಟ್.

ಅತ್ತೆ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅವರು ಕೈಯೆತ್ತಿ ಎರಡು ಬೆರಳು ನನಗೆ ತೋರಿಸಿ, ಕಣ್ಣೊರೆಸಿಕೊಂಡು, ರೇಡಿಯೋ ಮುಚ್ಚಿದರು.

ಆ ಮಧ್ಯಾಹ್ನದಷ್ಟು ನೆಮ್ಮದಿಯಿಂದ ನಾವಿಬ್ಬರೂ ಊಟ ಮಾಡಿದ್ದು ನನಗೆ ನೆನಪಿಲ್ಲ. ಹುರುಳಿ ಸಾರು, ಸುಟ್ಟ ಹಪ್ಪಳ. ಅತ್ತೆ ಬೈದ ಬೈಗುಳಗಳನ್ನು ನಾನು ಅವರಂತೆಯೇ ಮಾಡಿ ತೋರಿಸಿದೆ, ಅವರು ನಕ್ಕು ನಕ್ಕು ನೀರು ನೆತ್ತಿಗೆ ಹತ್ತಿಸಿಕೊಂಡರು. ಊಟವಾದ ಮೇಲೆ ಮೊದಲ ಸಲ ನನ್ನನ್ನು ಹತ್ತಿರ ಕೂರಿಸಿಕೊಂಡು ತಲೆ ಬಾಚಿದರು. ಸಂಜೆಗೆ ಮಳೆ ಬಂತು. ಮೆಣಸನ್ನು ಒಳಗೆ ಎಳೆದು ಹಾಕಿದೆವು. ಮಳೆ ನಿಂತ ಮೇಲೆ ಊರೆಲ್ಲ ಕಾಫಿ ಹೂವಿನ ಮೊಗ್ಗು ಬಿರಿಯುವ ವಾಸನೆ.

ಮರುದಿನ ಜೀಪು ಬಂತು. ಭಾವ ಮುಂದಿನ ಸೀಟಿನಲ್ಲಿದ್ದರು, ಹಿಂದೆ ಕಂಪನಿಯವರು. ಭಾವ ಇಳಿದು ಚಪ್ಪಲಿ ಬಿಡದೆ ಒಳಗೆ ಬಂದಾಗಲೇ ನನಗೆ ತಿಳಿಯಿತು. ನೀಲಗಿರಿಯ ಒಂದು ಏಣಿನಲ್ಲಿ, ಚಹಾ ತೋಟದ ಮೇಲಿನ ಕಾಡಿನಲ್ಲಿ ವಿಮಾನ ಸಿಕ್ಕಿತ್ತು. ಇವರೂ ಇಲ್ಲ, ಕ್ಯಾಮೆರಾ ನೋಡಿಕೊಳ್ಳುತ್ತಿದ್ದವರೂ ಇಲ್ಲ. ಆ ಇನ್ನೊಂದು ಮನೆಯವರನ್ನು ನಾನು ಯಾವತ್ತೂ ಕಂಡಿಲ್ಲ. ಆದರೆ ಅವರ ಮನೆಗೂ ಅದೇ ಹೊತ್ತಿಗೆ ಒಂದು ಜೀಪು ಹೋಗಿರುತ್ತದೆ ಎಂದು ಅಂದಿನಿಂದ ಇಂದಿನವರೆಗೂ ಯೋಚಿಸುತ್ತಲೇ ಇದ್ದೇನೆ.

ಇವರನ್ನು ಮನೆಗೆ ತಂದರು, ಕಳಿಸಿಕೊಟ್ಟೆವು. ಆ ದಿನಗಳ ಬಗ್ಗೆ ಬರೆಯುವ ಶಕ್ತಿ ನನಗಿಲ್ಲ, ಬರೆಯುವ ಮನಸ್ಸೂ ಇಲ್ಲ.

ಅತ್ತೆ ಅಳಲಿಲ್ಲ. ಬಂದವರೆಲ್ಲ ಅವರನ್ನು ಅಳಿಸಲು ನೋಡಿದರು, ಆಗಲಿಲ್ಲ. ಅವರದು ಒಂದೇ ಮಾತು. "ಮೂರು ಬಂದಿತ್ತಲ್ಲವ್ವ." ಬೆಳಿಗ್ಗೆ ಮುಖ ತೊಳೆಯುವಾಗಲೂ ಅದೇ, ತಟ್ಟೆಯ ಮುಂದೆ ಕೂತಾಗಲೂ ಅದೇ. "ನೀನೂ ಕೇಳಿದ್ಯಲ್ಲ? ಮೂರಲ್ವಾ? ಐದಾ?" ಮೂರೇ ಅತ್ತೆ, ಎನ್ನುತ್ತಿದ್ದೆ. ಒಪ್ಪುತ್ತಿದ್ದರು, ಮತ್ತೆ ಅರ್ಧ ಗಂಟೆಗೆ ಕೈ ನೋಡಿಕೊಂಡು ಬೆರಳು ಮಡಚುತ್ತಿದ್ದರು. ತಾನು ತಪ್ಪು ಎಣಿಸಿದೆ, ಮಗ ಐದೇ ಹೇಳಿದ್ದ, ಯಾರೂ ಓಗೊಡದೆ ಆ ಮೋಡದಲ್ಲಿ ಒಬ್ಬನೇ ಕೂಗಿ ಕೂಗಿ ಹೋದ ಎಂಬುದು ಅವರ ತಲೆಯಲ್ಲಿ ಕೂತುಬಿಟ್ಟಿತು. ಹೋದದ್ದಕ್ಕಿಂತ ಹಾಗೆ ಹೋದ ಎಂಬುದು ಅವರನ್ನು ತಿನ್ನುತ್ತಿತ್ತು. ನನ್ನ ಮಾತು ಯಾವ ಲೆಕ್ಕಕ್ಕೂ ಬರಲಿಲ್ಲ, ಸೊಸೆ ಸಮಾಧಾನಕ್ಕೆ ಹೇಳುತ್ತಾಳೆ ಎಂದುಕೊಂಡರು. ನಿಜ ಹೇಳುತ್ತೇನೆ, ಅವರು ಕೇಳಿ ಕೇಳಿ ಕೊನೆಗೆ ನನಗೂ ಅನುಮಾನ ಬಂತು. ನಾನು ಕೇಳಿದ್ದು ಮೂರೋ, ಅಥವಾ ಮೂರಾಗಲಿ ಎಂದುಕೊಂಡು ಕೇಳಿದೆನೋ?

ಜೊತೆಗೆ ನನಗೊಂದು ಸಿಟ್ಟು. ರೇಡಿಯೋ ಮುಚ್ಚದಿದ್ದರೆ ಇವರ ದನಿ ಇನ್ನೂ ಸ್ವಲ್ಪ ಸಿಗುತ್ತಿತ್ತು. ಸೆಲ್ಲು ಉಳಿಸಿದೆವು, ಅಷ್ಟೇ. ಆ ಸಿಟ್ಟನ್ನು ನಾನು ಅತ್ತೆಯ ಮೇಲೆ ಬಿಡಲಿಲ್ಲ. ಅವರ ಮುಖ ನೋಡಿದರೆ ಬಿಡಲು ಜಾಗವೇ ಇರಲಿಲ್ಲ.

ಕರ್ಮಾಂತರ ಕಳೆದು ಕೆಲವು ವಾರಗಳ ಮೇಲೆ, ಒಂದು ಬೆಳಿಗ್ಗೆ ಭಾವ ಅಂಗಡಿಯಿಂದ ಒಬ್ಬರನ್ನು ಕರೆದುಕೊಂಡು ಬಂದರು. ಇವರಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಬಿಳಿ ಅಂಗಿ, ಬಸ್ಸಿನ ಧೂಳು, ಕೈಯಲ್ಲಿ ಏನೂ ಇಲ್ಲ. ಅಂಗಳದಲ್ಲಿ ನಿಂತು, ಮೆಣಸು ತುಳಿಯದ ಹಾಗೆ ಚಾಪೆಗಳ ನಡುವೆ ಕಾಲಿಟ್ಟು, "ಅಮ್ಮ, ನಾನು ಟವರಿನವನು. ಅವತ್ತು ಡ್ಯೂಟಿಯಲ್ಲಿದ್ದವನು," ಎಂದರು. ಅದೂ ಕನ್ನಡದಲ್ಲಿ. ಕೊಳ್ಳೇಗಾಲದವರಂತೆ.

ನಾನು ಬಾಗಿಲ ಹಿಂದೆ ನಿಂತಿದ್ದೆ. ಅತ್ತೆ ಅವರನ್ನು ಕೂರಿ ಎನ್ನಲಿಲ್ಲ, ನೀರು ಬೇಕೇ ಎನ್ನಲಿಲ್ಲ. ಎದ್ದು ಹತ್ತಿರ ಹೋಗಿ, "ಮೂರು ಹೇಳಿದ್ರಾ?" ಎಂದರು.

ಅವರಿಗೆ ಅರ್ಥವಾಗಲಿಲ್ಲ. ನಾನು ಒಳಗಿನಿಂದಲೇ ಎಲ್ಲ ಹೇಳಿದೆ: ರೇಡಿಯೋ ಇತ್ತು, ನಮಗೆ ಅರ್ಧ ಮಾತು ಮಾತ್ರ ಕೇಳಿಸುತ್ತಿತ್ತು, ಐದು ಎಂದರೆ ಇಲ್ಲ, ಮೂರು ಎಂದರೆ ಹೌದು. ಅವರು ಅತ್ತೆಯ ಮಡಚಿದ ಬೆರಳುಗಳನ್ನು ನೋಡಿದರು.

"ಹೇಳಿದೆ ತಾಯಿ," ಎಂದರು. "ನಾನು ಮೊದಲು ಚಿಕ್ಕದಾಗಿ ಕರೆದೆ. ಆಮೇಲೆ ಅವರು ಹಾಗೇ ಹೇಳಿದರು."

"ನಾನು ಎಣಿಸಿದ್ದು ಸರಿಯಾ?"

"ಸರಿ ತಾಯಿ."

ಅತ್ತೆ ಅಲ್ಲಿಯೇ ಚಾಪೆಯ ಮೇಲೆ ಕೂತುಬಿಟ್ಟರು, ಒಣಗಿದ ಕಾಳು ಸುತ್ತ ಸಿಡಿದು ಹೋಯಿತು. ಆಗ ಅತ್ತರು. ನಮ್ಮ ಮನೆಯಲ್ಲಿ ಅಂಥ ಅಳುವನ್ನು ನಾನು ಕೇಳಿರಲಿಲ್ಲ. ಭಾವ ಹಿಡಿಯಲು ಹೋದರು, ನಾನು ಬೇಡ ಎಂದು ಸನ್ನೆ ಮಾಡಿದೆ.

ಅತ್ತೆ ಅತ್ತು ಮುಗಿದ ಮೇಲೆ ಬಂದವರಿಗೆ ಕೂರಲು ಹೇಳಿ, ಕಾಫಿ ಕೊಟ್ಟೆವು. ನಡೆದದ್ದನ್ನು ಅವರು ನಿಧಾನವಾಗಿ ಹೇಳಿದರು. ಇವರು ಮೋಡದೊಳಗಿದ್ದೇನೆ, ಮೇಲೇರುತ್ತಿದ್ದೇನೆ ಎಂದರಂತೆ. ಇಲ್ಲಿ ಬಯಲಿನಲ್ಲಿ ಒಳ್ಳೆಯ ಬಿಸಿಲಿದೆ ಎಂದು ತಾವು ಹೇಳಿದರಂತೆ. ಇವರು ಅದನ್ನು ಕೇಳಿ ಒಳ್ಳೆಯದು ಎಂದರಂತೆ. ಅದಾದ ಮೇಲೆ ಮಾತಿಲ್ಲ.

"ಆಮೇಲೆ ನಾನು ಕರೆದೆ ತಾಯಿ. ಚಿಕ್ಕದಾಗಿ ಕರೆದೆ. ಉತ್ತರ ಬರಲಿಲ್ಲ ಅಂದಾಗ ಪೂರ್ತಿ ಕರೆದೆ. ಐದೂ."

"ಎಷ್ಟೊತ್ತು?"

"ನನ್ನ ಬದಲಿಯವರು ಬಂದರು, ನಾನು ಕುರ್ಚಿ ಬಿಡಲಿಲ್ಲ. ಬೆಳಕಿರೋವರೆಗೂ ಕರೆದೆ."

ನಾವು ಹಪ್ಪಳ ಸುಟ್ಟುಕೊಂಡು ನಗುತ್ತಿದ್ದ ಹೊತ್ತು ಅದು. ಆ ಹೊತ್ತಿನಲ್ಲಿ ಬೆಟ್ಟದ ಆಚೆ ಒಬ್ಬರು ಇವರನ್ನು ಕರೆಯುತ್ತಿದ್ದರು ಎಂಬುದು ನನ್ನ ಎದೆಯನ್ನು ಹಿಂಡಿತು, ಹಾಗೆಯೇ ಒಂದು ಥರದ ಆಸರೆಯೂ ಆಯಿತು. ನಾವು ಕರೆಯದೆ ಇದ್ದಾಗಲೂ ಕರೆದವರಿದ್ದರು.

ಅವರು ಲೋಟ ಕೆಳಗಿಟ್ಟರು. "ಇಷ್ಟು ತಿಂಗಳು ದಿನಾ ಮಾತಾಡಿದ್ದೀವಿ ತಾಯಿ. ಅವರೂ ಕನ್ನಡದವರು ಅಂತ ನನಗೆ ಗೊತ್ತಿಲ್ಲ, ನಾನು ಅಂತ ಅವರಿಗೆ ಗೊತ್ತಿಲ್ಲ. ಹೆಸರೇ ಗೊತ್ತಿಲ್ಲ. ಆಮೇಲೆ ಪೇಪರಲ್ಲಿ ಓದಿದೆ. ಅವತ್ತು ಗೊತ್ತಿದ್ದಿದ್ರೆ ಕೊನೆಗೆ ಆ ಹೆಸರು ಹಿಡಿದೂ ಕರೀತಿದ್ದೆ."

ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡರು. ಆಮೇಲೆ ಸಾಲದ ವಸ್ತು ವಾಪಸು ಕೇಳುವವರಂತೆ ಸಂಕೋಚದಿಂದ, "ಈಗ ಕರೀರಪ್ಪ," ಎಂದರು.

ಟವರಿನವರು ಭಾವನ ಮುಖ ನೋಡಿದರು. ಭಾವ ನೆಲ ನೋಡಿದರು. ಬೇರೆ ಯಾರಾದರೂ ಆಗಿದ್ದರೆ ಬೇಡಿ ತಾಯಿ ಎಂದು ಸಮಾಧಾನದ ನಾಲ್ಕು ಮಾತು ಹೇಳಿ ಬಸ್ಸಿಗೆ ಹೊರಡುತ್ತಿದ್ದರು. ಅವರು ಎದ್ದು ಅಂಗಳಕ್ಕಿಳಿದು, ಮೆಣಸಿನ ಚಾಪೆಗಳ ಆಚೆ ನೀಲಗಿರಿ ಕಾಣುವ ಜಾಗಕ್ಕೆ ಹೋಗಿ ನಿಂತರು. ಗಂಟಲು ಸರಿಮಾಡಿಕೊಂಡರು. ರೇಡಿಯೋದಲ್ಲಿ ಮೊದಲು ಯಾರನ್ನು ಕರೆಯುತ್ತಿದ್ದೇವೋ ಅವರನ್ನು ಹೇಳಬೇಕಂತೆ, ಆಮೇಲೆ ಕರೆಯುತ್ತಿರುವವರು ಯಾರೆಂದು ಹೇಳಬೇಕಂತೆ. ಹಾಗೆಯೇ ಮಾಡಿದರು. ಮೊದಲು ಇವರ ಹೆಸರು, ತಂದೆಯ ಹೆಸರಿನ ಸಮೇತ ಪೂರ್ತಿಯಾಗಿ. ಆಮೇಲೆ ತಮ್ಮ ಹೆಸರು. ಆಕಾಶದಲ್ಲಿ ಅವರಿಗೂ ಹೆಸರಿರಲಿಲ್ಲ, ಅವರೂ ಬರೀ ಟವರು.

ಕರೆದ ಮೇಲೆ ಸುಮ್ಮನಾದರು. ಉತ್ತರಕ್ಕೆ ಜಾಗ ಬಿಟ್ಟು ಕಾಯುವುದು ಅವರ ಕೆಲಸದ ಅಭ್ಯಾಸ. ಅತ್ತೆ ಕಿವಿಗೆ ಕೈಯಾನಿಸಿ ಕೂತಿದ್ದರು. ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಅವರು ಇನ್ನೊಮ್ಮೆ ಕರೆದರು, ಅದೇ ಎರಡು ಹೆಸರು, ಅದೇ ಬಿಡಿಸಿ ಹೇಳುವ ದನಿ. ಮತ್ತೆ ಸುಮ್ಮನಾದರು. ಮೂರನೆಯ ಸಲ ಕರೆಯಲು ಬಾಯಿ ತೆರೆದಾಗ ಇವರ ಹೆಸರಿನ ಅರ್ಧಕ್ಕೇ ಅವರ ದನಿ ಒಡೆಯಿತು. ಆದರೂ ಬೆನ್ನು ತಿರುಗಿಸದೆ, ಬೆಟ್ಟದ ಕಡೆಯೇ ನೋಡುತ್ತಾ, ಕಾಯುತ್ತಾ ನಿಂತರು.

ನಾನು ಹೊಸಿಲು ದಾಟಿ ಅಂಗಳಕ್ಕೆ ಬಂದೆ. ಅಷ್ಟು ದೂರದಿಂದ ಬಂದು ಇವರನ್ನು ಹೆಸರು ಹಿಡಿದು ಕರೆದವರಿಗೆ ಈ ಮನೆಯಿಂದ ಯಾರಾದರೂ ಓಗೊಡಬೇಕಿತ್ತು.

"ಕೇಳಿಸ್ತು ಅಣ್ಣ," ಎಂದೆ.